ತೈಲದ ಗುಣವೋ, ಕೈಯ ಗುಣವೋ: ಮಂಡಿ ಸವೆತದಲ್ಲಿ ಲೇಪ ಮತ್ತು ವ್ಯಾಯಾಮ



ಜೀವಮಾನವಿಡೀ ತೈಲ ಕಾಯಿಸಿ ಕೊಟ್ಟ ಪಂಡಿತರ ಹೆಸರಿನ ದತ್ತಿ ಇದು. ಇಲ್ಲಿ ಮಾತನಾಡಲು ಒಬ್ಬ ಫಿಸಿಯೋಥೆರಪಿಸ್ಟನನ್ನು ಕರೆದಿರುವುದು ನಿಮ್ಮ ದೊಡ್ಡ ಮನಸ್ಸು.

ಮೃದ್ವಸ್ಥಿ ಹೇಗೆ ಸವೆಯುತ್ತದೆ, ಎಕ್ಸ್‌ರೇಯಲ್ಲಿ ಕೆಲ್‌ಗ್ರೆನ್-ಲಾರೆನ್ಸ್ ಹಂತಗಳನ್ನು ಹೇಗೆ ಗುರುತಿಸಬೇಕು ಎಂಬುದೆಲ್ಲ ಪಠ್ಯಪುಸ್ತಕಗಳಲ್ಲಿದೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದ 28ನೆಯ ಅಧ್ಯಾಯ, ಅಂದರೆ ವಾತವ್ಯಾಧಿ ಪ್ರಕರಣ, ಇಲ್ಲಿರುವ ಹಲವರಿಗೆ ಕಂಠಪಾಠ. ವ್ಯಾಯಾಮದ ಬಗ್ಗೆಯೂ ಹೆಚ್ಚು ಹೇಳಬೇಕಿಲ್ಲ. 2015ರ ಕಾಕ್ರೇನ್ ವಿಮರ್ಶೆ 54 ಪ್ರಯೋಗಗಳನ್ನು ಪರಿಶೀಲಿಸಿ, ನೂರರ ಅಳತೆಯಲ್ಲಿ ನೋವು ಸುಮಾರು 12 ಅಂಕ ಇಳಿಯುತ್ತದೆ ಎಂದಿತು. 2024ರ ಪರಿಷ್ಕರಣೆಯಲ್ಲಿ ಆ ಅಂದಾಜು ತಗ್ಗಿತಾದರೂ ಮಾರ್ಗಸೂಚಿಗಳಲ್ಲಿ ವ್ಯಾಯಾಮದ ಸ್ಥಾನ ಕದಲಿಲ್ಲ.

ನಾನು ಎತ್ತಿಕೊಂಡಿರುವುದು ಒಂದೇ ಪ್ರಶ್ನೆ. ವ್ಯಾಯಾಮದ ಜೊತೆಗೆ ಮೂಲಿಕೆ ತೈಲವನ್ನೂ ಹಚ್ಚಿದಾಗ ನೋವು ಇನ್ನಷ್ಟು ಇಳಿದರೆ ಅದು ಯಾರ ಪುಣ್ಯ? ಮೂಲಿಕೆಯದೋ, ಬರೀ ಎಣ್ಣೆಯದೋ, ಬಿಸಿಯದೋ, ಅಷ್ಟು ಹೊತ್ತು ಮಂಡಿ ನೀವಿದ ಕೈಯದೋ?

ನಮ್ಮ ಸ್ನಾತಕೋತ್ತರ ಪ್ರಬಂಧಗಳಲ್ಲಿ ಮತ್ತೆ ಮತ್ತೆ ಕಾಣುವ ಮಾದರಿ ಎಂದರೆ, ಒಂದು ಗುಂಪಿಗೆ ವ್ಯಾಯಾಮ, ಇನ್ನೊಂದಕ್ಕೆ ವ್ಯಾಯಾಮ ಮತ್ತು ತೈಲ. ಎರಡನೆಯ ಗುಂಪಿನವರು ಹೆಚ್ಚು ಸುಧಾರಿಸುತ್ತಾರೆ, ಮೂಲಿಕೆಗೆ ಜಯಕಾರ ಬೀಳುತ್ತದೆ. ಇದನ್ನು ನಾನು ಒಪ್ಪುವುದಿಲ್ಲ. ಎರಡನೆಯ ಗುಂಪಿಗೆ ಸಿಕ್ಕ ಆರೈಕೆಯ ಸಮಯ ಮೊದಲನೆಯದಕ್ಕೆ ಸಿಕ್ಕಿಲ್ಲ. ಹಾಂಗ್‌ಕಾಂಗ್‌ನಲ್ಲಿ 59 ಹಿರಿಯರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಒಂದು ಗುಂಪಿಗೆ ಶುಂಠಿ ಮತ್ತು ಕಿತ್ತಳೆಯ ತೈಲದಿಂದ ಮಾಲೀಸು, ಇನ್ನೊಂದಕ್ಕೆ ಬರೀ ಆಲಿವ್ ಎಣ್ಣೆಯ ಮಾಲೀಸು, ಮೂರನೆಯದಕ್ಕೆ ಮಾಲೀಸೇ ಇಲ್ಲ. ಶುಂಠಿ ತೈಲದವರಿಗೆ ಮೊದಮೊದಲು ಹಿತವೆನಿಸಿತು. ಮಾಲೀಸು ಮುಗಿದ ನಾಲ್ಕು ವಾರಕ್ಕೆ ಅಳೆದಾಗ ಗುಂಪುಗಳ ನಡುವೆ ಗಣನೀಯ ಅಂತರವಿರಲಿಲ್ಲ.

ಮಂಡಿ ಸವೆತಕ್ಕೆ ಆಯುರ್ವೇದ ಚಿಕಿತ್ಸೆ ಕೊಟ್ಟು ನೋಡಿದ ಬರ್ಲಿನ್ ಅಧ್ಯಯನವನ್ನು ನನ್ನ ಮುಂದೆ ಹಿಡಿಯುವವರಿದ್ದಾರೆ. 151 ರೋಗಿಗಳು, 12 ವಾರ, ಆಯುರ್ವೇದದ ಗುಂಪಿಗೆ ಹೆಚ್ಚಿನ ಗುಣ. ಆ ಫಲಿತಾಂಶವನ್ನು ಗೌರವಿಸುತ್ತೇನೆ. ಆದರೆ ಅಲ್ಲಿ ಮಾಲೀಸು, ಪಥ್ಯ, ಯೋಗ, ಜೀವನಕ್ರಮದ ಸಲಹೆ ಎಲ್ಲವೂ ಸೇರಿದ್ದವು, ಯಾರಿಗೆ ಏನು ಸಿಕ್ಕಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಅದನ್ನು ಒಂದು ಸೀಸೆ ತೈಲದ ಕರಪತ್ರದಲ್ಲಿ ಅಚ್ಚು ಹಾಕಿಸುವುದು ಆ ಸಂಶೋಧಕರಿಗೇ ಮಾಡುವ ಅನ್ಯಾಯ. ಆರ್ನಿಕಾ ಮೂಲಿಕೆಯ ಲೇಪ ಐಬುಪ್ರೊಫೆನ್ ಜೆಲ್‌ಗೆ ಸಮ ಎಂಬ ಮಾತೂ ಹಾಗೆಯೇ. 204 ಜನರ ಆ ಪ್ರಯೋಗ ನಡೆದದ್ದು ಕೈಬೆರಳ ಸವೆತದ ಮೇಲೆ. ಮಂಡಿಯ ಮೇಲಿನ 79 ಜನರ ಆರ್ನಿಕಾ ಅಧ್ಯಯನದಲ್ಲಿ ಹೋಲಿಕೆಯ ಗುಂಪೇ ಇರಲಿಲ್ಲ. ಬೆರಳಿಗೆ ಸಂದದ್ದು ಮಂಡಿಗೂ ಸಲ್ಲಬೇಕೆಂದಿಲ್ಲ. 2019ರ ಅಮೆರಿಕದ ಸಂಧಿವಾತ ತಜ್ಞರ ಮಾರ್ಗಸೂಚಿ ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಲೇಪಕ್ಕೆ ಮಂಡಿಯಲ್ಲಿ ಷರತ್ತಿನ ಒಪ್ಪಿಗೆ ಕೊಟ್ಟು ಕೈಗೆ ಬೇಡವೆಂದಿತು. ಕೈಗೆ ಹಚ್ಚಿದ್ದು ಕಣ್ಣಿಗೆ ತಾಗುವ ಭಯ ಅದಕ್ಕೊಂದು ಕಾರಣ.

ಇನ್ನು ನನ್ನದೇ ವೃತ್ತಿಯ ಗೆಳೆಯರಿಗೆ. ಲೇಪವೆಲ್ಲ ಮನಸ್ಸಿನ ಸಮಾಧಾನ ಎನ್ನುವ ನಿಮ್ಮ ಮಾತಿನಲ್ಲಿ ಸೋಮಾರಿತನವಿದೆ. ಕಾಮ್‌ಫ್ರೀ ಬೇರಿನ ಮುಲಾಮಿನ 2007ರ ಪ್ರಯೋಗದಲ್ಲಿ 220 ಮಂಡಿರೋಗಿಗಳಿದ್ದರು. ಎರಡೂ ಗುಂಪಿನವರು ಮೂರು ವಾರ, ದಿನಕ್ಕೆ ಮೂರು ಸಲ ಮುಲಾಮು ಹಚ್ಚಿಕೊಂಡರು. ಒಂದರಲ್ಲಿ ಮಾತ್ರ ಮೂಲಿಕೆ ಇತ್ತು, ಅವರ ನೋವೇ ಹೆಚ್ಚು ಇಳಿಯಿತು. ಹಚ್ಚುವ ಕ್ರಿಯೆ ಇಬ್ಬರಿಗೂ ಒಂದೇ ಆಗಿದ್ದರಿಂದ ಈ ಅಂತರಕ್ಕೆ ಬೆಲೆಯಿದೆ. ಮೂರೇ ವಾರದ ಅಧ್ಯಯನ, ನಿಜ. ಕಾಮ್‌ಫ್ರೀಯಲ್ಲಿ ಯಕೃತ್ತಿಗೆ ಹಾನಿ ಮಾಡುವ ಅಂಶವಿರುವುದರಿಂದ ಗಾಯವಾದ ಚರ್ಮಕ್ಕೆ ಅದನ್ನು ಹಚ್ಚಬಾರದು. ನನಗೆ ಮುಖ್ಯವೆನಿಸುವುದು ಆ ವಿಧಾನ. ನಮ್ಮ ಲಕ್ಕಿ ಸೊಪ್ಪಿನ ತೈಲಕ್ಕೆ, ಕೊಟ್ಟಂಚುಕ್ಕಾದಿಗೆ ಅಂಥ ಪರೀಕ್ಷೆ ಬೇಕು.

ನಮ್ಮ ಹೊರರೋಗಿ ವಿಭಾಗದಲ್ಲಿ ನಾನು ಕಂಡದ್ದನ್ನೂ ಹೇಳಬೇಕು. ಹರಳೆಣ್ಣೆ ಸವರಿದ ಎಕ್ಕದ ಎಲೆಯನ್ನು ತವೆಯ ಮೇಲೆ ಬಾಡಿಸಿ, ಮಂಡಿಗೆ ಕಟ್ಟಿ ಮಲಗುವ ತಾಯಂದಿರು ಬೆಳಗ್ಗೆ ಹಗುರವಾಯಿತು ಎನ್ನುತ್ತಾರೆ. ತೊಡೆ ಮುಟ್ಟಿ ನೋಡಿದರೆ ಸ್ನಾಯು ಮೊದಲಿನಷ್ಟೇ ಸೊರಗಿರುತ್ತದೆ. ಅವರಿಗೆ ನಾನು ಹೇಳುವುದು ಇಷ್ಟು: ಮಲಗುವುದಕ್ಕೆ ಮೊದಲೇ ಕಟ್ಟು ಬಿಚ್ಚಿ, ಬಿಸಿ ಆರುವ ಮುಂಚೆ, ಟವೆಲ್ ಸುರುಳಿ ಸುತ್ತಿ ಮಂಡಿಯ ಕೆಳಗಿಟ್ಟು ಒತ್ತಿ, ಐದು ಎಣಿಸಿ, ಬಿಡಿ. ಚಿಪ್ಪಿನ ಮೇಲ್ಗಡೆ ಒಳಮಗ್ಗುಲಿಗೆ ಅವರದೇ ಬೆರಳಿಡಿಸುತ್ತೇನೆ. ಸ್ನಾಯು ಗಟ್ಟಿಯಾಗುವುದು ಬೆರಳಿಗೆ ತಿಳಿದ ಮೇಲೆ ಬಹಳ ಮಂದಿ ವ್ಯಾಯಾಮ ಬಿಡುವುದಿಲ್ಲ. ನೋವು ತಗ್ಗಿದ ಆ ಅರ್ಧ ಗಂಟೆಯನ್ನು ನಿದ್ದೆಗೆ ಕೊಡದೆ ಸ್ನಾಯುವಿಗೆ ಕೊಟ್ಟರೆ ತೈಲ ಸಾರ್ಥಕ. ಪಂಡಿತರೂ ತೈಲ ಹಚ್ಚಿಸಿದ ಮೇಲೆ ರೋಗಿಯನ್ನು ಅಂಗಳದಲ್ಲಿ ನಡೆಸಿ ನೋಡುತ್ತಿದ್ದರೆಂದು ಇಲ್ಲಿನ ಹಿರಿಯರು ಹೇಳಿದಾಗ ಬಹಳ ಸಂತೋಷವಾಯಿತು.

ಎಚ್ಚರಿಕೆಯ ಎರಡು ಮಾತು. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಕಾರ್ನಿಯಾಕ್ಕೆ ಪೆಟ್ಟು. ವಿಂಟರ್‌ಗ್ರೀನ್ ಎಣ್ಣೆಯಲ್ಲಿರುವ ಮೀಥೈಲ್ ಸ್ಯಾಲಿಸಿಲೇಟ್ ಚರ್ಮದ ಮೂಲಕ ರಕ್ತಕ್ಕಿಳಿದು ವಾರ್ಫರಿನ್‌ನ ಪರಿಣಾಮವನ್ನು ಹೆಚ್ಚಿಸಬಲ್ಲದು. ಹೃದಯದ ಕವಾಟ ಬದಲಿಸಿಕೊಂಡು ವಾರ್ಫರಿನ್ ತೆಗೆದುಕೊಳ್ಳುತ್ತಿರುವವರನ್ನು ಏನು ಹಚ್ಚಿಕೊಳ್ಳುತ್ತೀರಿ ಎಂದು ಕೇಳದೆ ಕಳಿಸಬೇಡಿ.

ನನ್ನ ಬೇಡಿಕೆ ಮೂರು ಗುಂಪಿನ ಪ್ರಯೋಗ. ಎಲ್ಲರಿಗೂ ಒಂದೇ ವ್ಯಾಯಾಮ. ಒಂದಕ್ಕೆ ಲಕ್ಕಿ ತೈಲ, ಒಂದಕ್ಕೆ ಅದೇ ಬಣ್ಣ, ಅದೇ ವಾಸನೆಯ ಎಳ್ಳೆಣ್ಣೆ, ಮೂರನೆಯದಕ್ಕೆ ಲೇಪವಿಲ್ಲ. ನೋವಿನ ಅಂಕದ ಜೊತೆಗೆ, 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದರು, ಮನೆಯಲ್ಲಿ ಎಷ್ಟು ದಿನ ವ್ಯಾಯಾಮ ಮಾಡಿದರು ಎಂಬುದನ್ನೂ ಬರೆದಿಡಬೇಕು. ತೈಲ ಕಾಯಿಸಿ ಕೊಡಲು ಪಂಡಿತರ ಮನೆಯವರು ಒಪ್ಪಿದ್ದಾರೆ. ವ್ಯಾಯಾಮ ಕಲಿಸಲು ನಾವು ಸಿದ್ಧ. ಎರಡನೆಯ ಗುಂಪಿಗೆ ಬರೀ ಎಳ್ಳೆಣ್ಣೆ ಹಚ್ಚಲು ಮನಸ್ಸು ಮಾಡುವ ಆಯುರ್ವೇದ ಕಾಲೇಜೊಂದು ಮುಂದೆ ಬರಬೇಕಾಗಿದೆ.