ಮೊಟ್ಟೆ ದುಬಾರಿ, ಕೋಳಿಗೆ ನೋಟಿಸು

2025ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಒಂದು ಡಜನ್ ಮೊಟ್ಟೆಯ ಸರಾಸರಿ ಬೆಲೆ 6 ಡಾಲರ್ 23 ಸೆಂಟ್. ನಮ್ಮ ಲೆಕ್ಕದಲ್ಲಿ 500 ರೂಪಾಯಿಗೂ ಮೇಲೆ! ಹಕ್ಕಿಜ್ವರದಿಂದ ಕೋಟಿಗಟ್ಟಲೆ ಕೋಳಿಗಳು ನಾಶವಾಗಿದ್ದವು. ಜನ ಹಿತ್ತಲಲ್ಲೇ ಕೋಳಿ ಸಾಕುವ ಯೋಚನೆಯನ್ನ ಅಲ್ಲಿನ ಕೃಷಿ ಸಚಿವೆ ಬ್ರೂಕ್ ರಾಲಿನ್ಸ್ ಮೆಚ್ಚಿ ಮಾತಾಡಿದರು.

ಒಳ್ಳೇದು. ಆದ್ರೆ ಸಾಕೋದು ಎಲ್ಲಿ ಸ್ವಾಮಿ?

ಅಲ್ಲಿರೋ ನಮ್ಮ ಕನ್ನಡಿಗರನ್ನ ಕೇಳಿ, ಮೂರಕ್ಷರ ಹೇಳ್ತಾರೆ: ಎಚ್‌ಒಎ. ಮನೆ ಮಾಲೀಕರ ಸಂಘ. 7 ಕೋಟಿಗೂ ಹೆಚ್ಚು ಅಮೆರಿಕನ್ನರು ಇಂಥ ಸಂಘಗಳ ನಿಯಮದಡಿ ಬದುಕುತ್ತಿದ್ದಾರೆ. ಕರಾರು ಜಾಗದ ದಾಖಲೆಗೇ ಅಂಟಿಕೊಂಡಿರುತ್ತೆ. ಮಾಲೀಕ ಬದಲಾದರೂ ಅದು ಬದಲಾಗಲ್ಲ. ಗೋಡೆಗೆ ಯಾವ ಬಣ್ಣ, ಹುಲ್ಲು ಎಷ್ಟೆತ್ತರ, ಎಲ್ಲ ಅದರಲ್ಲೇ. ಬಹಳಷ್ಟು ಕಡೆ ಇನ್ನೊಂದು ಸಾಲೂ ಇರುತ್ತೆ: ಕೋಳಿ ಸಾಕುವಂತಿಲ್ಲ. ನಗರಾಡಳಿತ ನಾಲ್ಕು ಕೋಳಿಗೆ ಪರವಾನಗಿ ಕೊಟ್ಟರೂ ಸಂಘ ಬೇಡ ಅನ್ನಬಹುದು. ಮೀರಿದರೆ ನೋಟಿಸು, ಆಮೇಲೆ ದಂಡ.

ಸಂಘವೇ ಬೇಡ ಅಂತ ನಾನು ಹೇಳಲ್ಲ. ವಾಸನೆ ಬರುತ್ತೆ, ಚೆಲ್ಲಿದ ಕಾಳಿಗೆ ಇಲಿ ಸೇರುತ್ತೆ. ಪಕ್ಕದ ಮನೆಯವರ ಕಷ್ಟವೂ ಕಷ್ಟವೇ. ಆದರೆ ನಸುಕಿನಲ್ಲಿ ಬೀದಿಯನ್ನೆಲ್ಲ ಎಬ್ಬಿಸೋದು ಹುಂಜ. ಮೊಟ್ಟೆ ಇಡೋಕೆ ಹೇಂಟೆಗೆ ಹುಂಜವೇ ಬೇಕಿಲ್ಲ! ಹುಂಜ ಬೇಡ, ಇಷ್ಟೇ ಹೇಂಟೆ, ಗೂಡು ಬೇಲಿಯಿಂದ ಇಷ್ಟು ದೂರ, ದಿನಾ ಸ್ವಚ್ಛ ಮಾಡಬೇಕು ಅಂತ ಷರತ್ತು ಹಾಕಿ. ಪೂರ್ತಿ ನಿಷೇಧ ಯಾಕೆ?

ಇನ್ನೊಂದು ತಮಾಷೆ ನೋಡಿ. ಮನೆ ಮೇಲೆ ಡಿಶ್ ಆಂಟೆನಾ ಹಾಕಬೇಡಿ ಅನ್ನೋ ಸಂಘಗಳ ಕೈಯನ್ನ 1996ರಲ್ಲೇ ಅಮೆರಿಕದ ಕೇಂದ್ರ ಸರ್ಕಾರ ಕಟ್ಟಿಹಾಕಿತು. ಟಿವಿ ನೋಡೋ ಹಕ್ಕಿಗೆ ದೇಶಕ್ಕೆಲ್ಲ ಒಂದು ನಿಯಮ. ಮೊಟ್ಟೆ ಬೆಳೆದುಕೊಳ್ಳೋಕೆ ಅಂಥದ್ದಿಲ್ಲ. ಟಿವಿಯಲ್ಲಿ ಕೂತು ನಾನೇ ಇದನ್ನ ಹೇಳ್ತಿದ್ದೀನಿ.

ಹಾಗಂತ ಕದ್ದು ಸಾಕೋಕೆ ಹೋಗಬೇಡಿ. ಮೊಟ್ಟೆ ಇಟ್ಟ ಹೇಂಟೆ ಸುಮ್ಮನಿರಲ್ಲ, ತಾನೇ ಸಾರಿಬಿಡುತ್ತೆ. ದಾರಿ ಒಂದೇ: ಸಂಘದ ಸಭೆಗೆ ಹೋಗಿ, ನೆರೆಯವರನ್ನ ಒಪ್ಪಿಸಿ, ಮತ ಹಾಕಿಸಿ ಕರಾರು ತಿದ್ದಿಸೋದು. ಮೂರನೇ ಎರಡರಷ್ಟು ಬೆಂಬಲ ಕೇಳುವ ಸಂಘಗಳೂ ಇವೆ. ಕಷ್ಟ, ಆದರೆ ಅಸಾಧ್ಯ ಅಲ್ಲ.

ಬೆಂಗಳೂರಿನ ಗೇಟೆಡ್ ಲೇಔಟ್‌ಗಳಲ್ಲಿ ಸೈಟು ನೋಡ್ತಿರೋರಿಗೂ ಇದೇ ಮಾತು. ಕ್ಲಬ್‌ಹೌಸು, ಈಜುಕೊಳ ಆಮೇಲೆ ನೋಡಿ. ಮೊದಲು ಬೈಲಾ ಓದಿ. ದುಡ್ಡು ನಿಮ್ಮದು, ಸಾಲ ನಿಮ್ಮದು, ಹಿತ್ತಲಿನ ತೀರ್ಮಾನ ಮಾತ್ರ ಸಭೆಗೆ ಬಂದೋರದ್ದು. ನೀವೂ ಹೋಗಿ.