ಆಡು ನಮ್ಮದು, ಮೇಯೋ ನೆಲ ಯಾರದು?



ಬಿ.ಎ. ಓದ್ತಿರೋ ಹುಡುಗ ಶಿಕ್ಷಣದ ಬಗ್ಗೆ ಮಾತಾಡ್ತಾನೆ ಅಂದ್ಕೊಂಡಿರ್ತೀರಿ. ನಾನು ಇವತ್ತು ಆಡು, ಹಸುಗಳ ಬಗ್ಗೆ ಮಾತಾಡ್ತೀನಿ. ಇಲ್ಲಿ ಕೂತಿರೋ ಎಷ್ಟೋ ಜನರ ಕಾಲೇಜು ಫೀಸು ಆಡು ಮಾರಿದ ದುಡ್ಡಲ್ಲೇ ಕಟ್ಟಿದ್ದು. ಹಾಗಾಗಿ ಇದೂ ಶಿಕ್ಷಣದ ಮಾತೇ.

ಹೊಸೂರು ಹಳೇ ಕಾಲದಿಂದ ದನ ಸಾಕೋ ಸೀಮೆ. 1824ರಲ್ಲಿ ಬ್ರಿಟಿಷರು ಸೈನ್ಯದ ಕುದುರೆಗಳಿಗಾಗಿ ಇಲ್ಲಿ ಫಾರಂ ಮಾಡಿದರು. ಮತ್ತಿಗಿರಿಯ ಸರ್ಕಾರಿ ಜಾನುವಾರು ಫಾರಂ ಅಂದರೆ ಅದೇ. 1,600 ಎಕರೆಗೂ ಮೇಲಿದೆ. ಸೈನ್ಯದ ಕುದುರೆಗೆ ಅಷ್ಟು ನೆಲ ಸಿಕ್ಕಿತು. ನಮ್ಮ ಕೇರಿಯ ಆಡಿಗೆ ಸಿಕ್ಕಿದ್ದು ಕೆರೆ ಅಂಗಳ, ಗುಡ್ಡದ ಇಳಿಜಾರು, ರಾಗಿ ಕುಯ್ದ ಮೇಲೆ ಉಳಿದ ಕೂಳೆ ಹೊಲ.

1970ರ ದಶಕದಲ್ಲಿ ಸಿಪ್ಕಾಟ್ ಬಂತು. ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್ ಬಂದವು. 2019ರಲ್ಲಿ ಹೊಸೂರು ಮಹಾನಗರ ಪಾಲಿಕೆ ಆಯಿತು. ಕಂಪನಿ ಬಂದದ್ದು ತಪ್ಪು ಅಂತ ನಾನು ಹೇಳಲ್ಲ. ಗೌಡರ ಹೊಲದ ಜೀತ ಬಿಟ್ಟು ಸಂಬಳ ಎಣಿಸೋ ಹಾಗಾದದ್ದು ನಮ್ಮವರಿಗೆ ಸಣ್ಣ ವಿಷಯ ಅಲ್ಲ. ಆದರೆ ಒಂದು ಲೆಕ್ಕ ನೋಡಿ. ಹೊಲ ಲೇಔಟ್ ಆದಾಗ ಪಟ್ಟಾ ಇದ್ದವರಿಗೆ ಬೆಲೆ ಬಂತು. ಅದೇ ಹೊಲದ ಕೂಳೆಯಲ್ಲಿ ಮೂರು ತಲೆಮಾರು ಆಡು ಮೇಯಿಸಿದ ಅಜ್ಜಿಗೆ ಏನು ಬಂತು? ಕಲ್ಲು ನೆಟ್ಟು ತಂತಿ ಬೇಲಿ ಹಾಕಿದರು, ಅಷ್ಟೇ. ಮೇಯಿಸಿದ್ದಕ್ಕೆ ಕಾಗದ ಇರಲ್ಲ. ಕಾಗದ ಇಲ್ಲದ ನಷ್ಟವನ್ನ ಯಾವ ಆಫೀಸೂ ನಷ್ಟ ಅಂತ ಬರ್ಕೊಳ್ಳಲ್ಲ.

ತಳಿ ಕಡೆ ಹೋದರೂ ಇದೇ ಕಥೆ. ರಾಗಿ, ಹುರುಳಿ ಇದ್ದ ಕಡೆ ಗುಲಾಬಿಯ ಪಾಲಿಹೌಸ್ ಎದ್ದಿವೆ. ರಾಗಿ ಕಡಿಮೆ ಆದರೆ ರಾಗಿ ಹುಲ್ಲೂ ಕಡಿಮೆ. ಹುಲ್ಲು ದುಡ್ಡು ಕೊಟ್ಟು ತರಬೇಕಾದಾಗ ಹಳ್ಳಿಕಾರ್ ಎತ್ತು ಮೊದಲು ಹೋಯಿತು. ನಮ್ಮ ಕೇರಿಯಲ್ಲಿ ಈಗ ಉಳಿದಿರೋದು ಒಂದೆರಡು ಸೀಮೆ ಹಸು, ನಾಕಾರು ಆಡು.

ಆಡು ಅಂದಾಗ ನೆನಪಾಯ್ತು. 2011ರಲ್ಲಿ ತಮಿಳುನಾಡು ಸರ್ಕಾರ ಬಡ ಮನೆಗಳ ಹೆಂಗಸರಿಗೆ ನಾಕು ನಾಕು ಆಡು ಕೊಡೋ ಯೋಜನೆ ತಂತು. ನಮ್ಮಮ್ಮನಿಗೂ ಸಿಕ್ಕಿತು. ಅದಕ್ಕೂ ಮುಂಚೆ ನಮ್ಮವರು ಬೇರೆಯವರ ಆಡನ್ನ ವಾರಕ್ಕೆ ಸಾಕ್ತಿದ್ದರು. ಎರಡು ಮರಿ ಹುಟ್ಟಿದರೆ ಒಂದು ಅವರದು. ಮೊದಲ ಸಲ ಮರಿ ಪೂರ್ತಿ ನಮ್ಮದಾಯಿತು. ಸರ್ಕಾರ ಆಡು ಕೊಟ್ಟಿತು, ಒಳ್ಳೇದು. ಆದರೆ ನಾಕು ಆಡಿಗೆ ಮೇಯೋಕೆ ನಾಕು ಗೇಣು ನೆಲ ಕೊಡಲಿಲ್ಲ.

ನಮ್ಮ ಅಮ್ಮಂದಿರು ಸುಮ್ಮನೆ ಕೂತಿಲ್ಲ. ಬೆಳಗ್ಗೆ ಮಾರ್ಕೆಟ್ಟಿಗೆ ಹೋಗಿ ಕೋಸಿನ ಎಲೆ, ಕಾಯಿ ಸಿಪ್ಪೆ ಆರಿಸಿ ತರ್ತಾರೆ. ಕೆಲವರು ಹಿತ್ತಲಲ್ಲಿ ಅಗಸೆ, ಸುಬಾಬುಲ್ ನೆಟ್ಟು ಸೊಪ್ಪು ಕುಯ್ದು ಹಾಕ್ತಾರೆ. ಆದರೆ ಹುಷಾರು: ಮದುವೆ ಛತ್ರದ ಅನ್ನ ಒಮ್ಮೆಲೇ ಜಾಸ್ತಿ ತಿಂದರೆ ಆಡಿನ ಹೊಟ್ಟೆ ಹುಳಿಯಾಗಿ ಸತ್ತೇ ಹೋಗುತ್ತೆ. ರಸ್ತೆ ಬದಿ ಮೇಯೋ ಹಸು ಪ್ಲಾಸ್ಟಿಕ್ ನುಂಗುತ್ತೆ. ಊರು ಬೆಳೆದರೆ ಮೇವಿನ ಜೊತೆ ವಿಷಾನೂ ಬೆಳೆಯುತ್ತೆ.

ಹಾಲಿನ ವಿಷಯಕ್ಕೆ ಬರ್ತೀನಿ. ಡೈರಿಯ ಕ್ಯಾನಿನಲ್ಲಿ ಜಾತಿ ಇಲ್ಲ. ಅಲ್ಲಿ ನೋಡೋದು ಕೊಬ್ಬು ಎಷ್ಟು ಅಂತ. ಆದರೂ ನಮ್ಮ ಮನೆ ಹಾಲು ಬೇಡ ಅಂದ ಊರುಗಳು ಈ ದೇಶದಲ್ಲಿ ಇದಾವೆ. ಸತ್ತ ದನ ಎಳೆಯೋಕೆ ನಾವು ಬೇಕು, ಬದುಕಿರೋ ಹಸುವಿನ ಹಾಲಿಗೆ ನಾವು ಬೇಡ! ಸತ್ತ ದನದ ಮಾಂಸ ತಿನ್ನೋದು ಬಿಡಿ ಅಂತ ಬಾಬಾಸಾಹೇಬರು 1927ರಲ್ಲಿ ಮಹಾಡಿನಲ್ಲಿ ಹೇಳಿದ್ದು ಮರ್ಯಾದೆಯ ಬದುಕಿಗಾಗಿ. ಬದುಕಿರೋ ಹಸುವಿನ ಒಡೆತನವೂ ಅದೇ ಮರ್ಯಾದೆಯ ಭಾಗ.

ಹಾಗಾದರೆ ಸಂಘ ಏನು ಮಾಡಬೇಕು? ನಾಕು ಮಾತು ಹೇಳ್ತೀನಿ.

ಒಂದು, ನಮ್ಮ ಊರಿನ 'ಎ' ರಿಜಿಸ್ಟರ್ ತೆಗೆಸಿ ಓದೋಣ. ಯಾವ ಸರ್ವೆ ನಂಬರ್ ಮೇಯ್ಚಲ್ ಪೊರಂಬೋಕು, ಯಾವುದು ಕೆರೆ ಅಂತ ಅದರಲ್ಲಿ ಇರುತ್ತೆ. ಊರ ಸಾಮಾನ್ಯ ಭೂಮಿಯ ಒತ್ತುವರಿ ತೆಗೆಸಿ ಅಂತ ಸುಪ್ರೀಂ ಕೋರ್ಟ್ 2011ರ ಜಗಪಾಲ್ ಸಿಂಗ್ ತೀರ್ಪಿನಲ್ಲಿ ಹೇಳಿದೆ.

ಎರಡು, ಪಂಚಮಿ ಭೂಮಿ. ಟ್ರೆಮೆನ್‌ಹೀರ್ ಅನ್ನೋ ಕಲೆಕ್ಟರ್ ಕೊಟ್ಟ ವರದಿಯ ಮೇಲೆ 1892ರಲ್ಲಿ ಮದರಾಸು ಸರ್ಕಾರ ನಮ್ಮ ಜನಕ್ಕೆ ಅಂತ ಇಟ್ಟ ಭೂಮಿ ಅದು. ಬೇರೆಯವರಿಗೆ ಮಾರೋ ಹಾಗಿಲ್ಲ. ನಮ್ಮ ಸುತ್ತ ಎಲ್ಲಿತ್ತು, ಈಗ ಯಾರ ಕೈಲಿದೆ, ಹುಡುಕೋಣ.

ಮೂರು, ಜಾನುವಾರು ಸಾಕೋರಿಗೂ ಕಿಸಾನ್ ಕ್ರೆಡಿಟ್ ಕಾರ್ಡ್ ಇದೆ, ಜಮೀನಿಲ್ಲದವರೂ ಕೇಳಬಹುದು. ಅರ್ಜಿ ಬರೆಯೋಕೆ ಓದಿದ ನಾವಿದ್ದೀವಿ. ಆಡಿಗೆ ಪಿಪಿಆರ್ ಲಸಿಕೆ, ಹಸುವಿಗೆ ಕಾಲುಬಾಯಿ ಲಸಿಕೆ ಹಾಕೋ ದಿನ ಮನೆಮನೆಗೆ ಹೇಳೋದೂ ನಮ್ಮ ಕೆಲಸ.

ನಾಕು, ಗ್ರಾಮಸಭೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ಈ ದಿನಗಳಲ್ಲಿ ನಾವು ಬಾವುಟ ನೋಡಿ ಮಿಠಾಯಿ ತಿಂದು ಬರ್ತೀವಿ. ಮುಂದಿನ ಸಲ ಮೇವಿನ ನೆಲದ ತೀರ್ಮಾನ ಬರೆಸಿ, ಸಹಿ ಹಾಕಿಸಿ ಬರೋಣ. ನಮ್ಮ ಊರು ಪಾಲಿಕೆಗೆ ಸೇರಿದರೆ ಗ್ರಾಮಸಭೆಯೇ ಇರಲ್ಲ. ಹಾಗಾಗಿ ಪಂಚಾಯ್ತಿ ಇರೋವಾಗಲೇ ಈ ಕೆಲಸ ಆಗಬೇಕು.

ಪೇಟೆ ನಮ್ಮ ಬಾಗಿಲಿಗೆ ಬರ್ತಿದೆ, ಬರಲಿ. ಅದು ಬರೋ ಹೊತ್ತಿಗೆ ನಮ್ಮ ಅಮ್ಮಂದಿರ ಕೈಯಲ್ಲಿ ಹಗ್ಗದ ಜೊತೆ ಒಂದು ಕಾಗದಾನೂ ಇರಲಿ.

ಜೈ ಭೀಮ್.