ಬ್ಲ್ಯಾಕ್‌ಜ್ಯಾಕ್ ಟೇಬಲ್‌ನಲ್ಲಿ ಗಂಡ-ಹೆಂಡತಿ: ಜೇಬು ಎರಡು, ದುಡ್ಡು ಒಂದೇ

ನಮ್ಮ ಮಹದಾಯಿ ನದಿಗೆ ಗೋವಾದಲ್ಲಿ ಮಾಂಡೋವಿ ಅಂತ ಹೆಸರು. ಪಣಜಿ ಹತ್ರ ಅದರ ಮೇಲೆ ಕ್ಯಾಸಿನೋ ಹಡಗುಗಳು ನಿಂತಿರ್ತವೆ. ಮದುವೆಯಾದ ಹೊಸದರಲ್ಲಿ ನಾವಿಬ್ಬರೂ ಅಲ್ಲಿಗೆ ಹೋಗಿದ್ವಿ. "ಒಬ್ಬರು ಸೋತ್ರೆ ಇನ್ನೊಬ್ಬರು ಡಬಲ್ ಕಟ್ಟೋಣ" ಅನ್ನೋದು ನಮ್ಮ ಪ್ಲಾನ್.

ಲೆಕ್ಕ ನೋಡಿ. 100 ರೂಪಾಯಿಯಿಂದ ಶುರುಮಾಡಿ ಸತತ ಆರು ಸಲ ಸೋತ್ರೆ 6,300 ಹೋಯ್ತು. ಏಳನೇ ಸಲ 6,400 ಕಟ್ಟಬೇಕು. ಗೆದ್ರೂ ಒಟ್ಟು ಲಾಭ ಬರೀ 100! ಜೊತೆಗೆ, ಅಕ್ಕಪಕ್ಕ ಕೂತ ಇಬ್ಬರಿಗೂ ಡೀಲರ್ ಒಬ್ಬರೇ. ಅವರ ಕೈಗೆ 20 ಬಂದ್ರೆ ಇಬ್ಬರೂ ಒಟ್ಟಿಗೆ ಸೋಲಬಹುದು.

ಹಾಗಾದ್ರೆ ಟೀಮ್ ಆಟ ಅನ್ನೋದೇ ಇಲ್ವಾ? ಇದೆ. 1962ರಲ್ಲಿ ಗಣಿತಜ್ಞ ಎಡ್ವರ್ಡ್ ಥಾರ್ಪ್ ಎಲೆ ಎಣಿಸೋ ವಿದ್ಯೆಯನ್ನ ಪುಸ್ತಕದಲ್ಲಿ ಬರೆದ್ರು. 1970ರ ದಶಕದಲ್ಲಿ ಅಮೆರಿಕದ ಆಲ್ ಫ್ರಾನ್ಸೆಸ್ಕೊ ತಂಡ ಕಟ್ಟಿದ್ರು. ಒಬ್ಬರು ಚಿಕ್ಕ ಮೊತ್ತ ಕಟ್ಟುತ್ತಾ ಎಲೆ ಎಣಿಸ್ತಾರೆ. ಹತ್ತರ ಬೆಲೆಯ ಎಲೆಗಳು, ಎಕ್ಕಗಳು ಹೆಚ್ಚು ಉಳಿದಾಗ ಸನ್ನೆ ಮಾಡ್ತಾರೆ. ಆಗ ಇನ್ನೊಬ್ಬರು ಬಂದು ದೊಡ್ಡ ಮೊತ್ತ ಕಟ್ತಾರೆ. ಆದ್ರೆ ಇದಕ್ಕೆ ತಿಂಗಳುಗಟ್ಟಲೆ ಅಭ್ಯಾಸ, ದೊಡ್ಡ ಬಂಡವಾಳ ಬೇಕು. ಎಲೆಗಳನ್ನ ಸದಾ ಕಲೆಸ್ತಾ ಇರೋ ಮಷೀನ್ ಇದ್ರೆ ಎಣಿಕೆಯಿಂದ ಪ್ರಯೋಜನ ಇಲ್ಲ. ಕ್ಯಾಸಿನೋದವರಿಗೆ ಗೊತ್ತಾದ್ರೆ ಎಬ್ಬಿಸಿ ಕಳಿಸಬಹುದು.

ಮೋಜಿಗೆ ಹೋಗೋ ಜೋಡಿಗೆ ನನ್ನ ಸಲಹೆ ಇಷ್ಟೇ. ಯಾವಾಗ ಎಲೆ ಕೇಳಬೇಕು, ಯಾವಾಗ ನಿಲ್ಲಬೇಕು ಅನ್ನೋ 'ಬೇಸಿಕ್ ಸ್ಟ್ರಾಟಜಿ' ಮನೆಯಲ್ಲೇ ಕಲೀರಿ. ನಿಯಮ ಚೆನ್ನಾಗಿರೋ ಟೇಬಲ್‌ನಲ್ಲಿ ಕ್ಯಾಸಿನೋದ ಮೇಲುಗೈ ಸುಮಾರು ಶೇ 0.5ಕ್ಕೆ ಇಳಿಯುತ್ತೆ. ಬ್ಲ್ಯಾಕ್‌ಜ್ಯಾಕ್ ಬಂದಾಗ 100ಕ್ಕೆ 150 ಕೊಡೋ ಟೇಬಲ್ ಹುಡುಕಿ. 120 ಮಾತ್ರ ಕೊಟ್ರೆ ಆ ಮೇಲುಗೈ ಸುಮಾರು ಶೇ 2ಕ್ಕೆ ಏರುತ್ತೆ. ಗಂಟೆಗೆ 60 ಆಟ, ಪ್ರತಿ ಸಲ 500 ರೂಪಾಯಿ ಅಂದ್ರೆ ಒಬ್ಬರಿಗೆ ಸರಾಸರಿ ನಷ್ಟ 150ರ ಬದಲು 600. ಇಬ್ಬರೂ ಆಡಿದ್ರೆ 1,200. 'ಇನ್ಶೂರೆನ್ಸ್' ಅಂತ ಕೇಳಿದ್ರೆ ಬೇಡ ಅನ್ನಿ.

ಇನ್ನೊಂದು ಮಾತು. ಒಬ್ಬರು ಆಡಲಿ, ಇನ್ನೊಬ್ಬರ ಹತ್ರ ದುಡ್ಡಿರಲಿ. ಮೊದಲೇ ಒಪ್ಪಿಕೊಂಡ ಮೊತ್ತ ಮುಗೀತಾ, ಎದ್ದುಬಿಡಿ. ಆವತ್ತು ರಾತ್ರಿ ನಾನು ಅವಳಿಗೆ ಹೇಳದೆ ಎಟಿಎಂಗೆ ಹೋಗಿದ್ದೆ. ಅವಳೂ ನನಗೆ ಹೇಳದೆ ಹೋಗಿದ್ಳು. ಊರಿಗೆ ಬಂದು ಪಾಸ್‌ಬುಕ್ ನೋಡಿದಾಗಲೇ ಇಬ್ಬರಿಗೂ ಗೊತ್ತಾಗಿದ್ದು. ಆ ತಿಂಗಳು ಮನೆ ಬಾಡಿಗೆಗೆ ಸಾಲ ಮಾಡಿದ್ವಿ. ಆದ್ರೆ ನೋವಾಗಿದ್ದು ಸಾಲಕ್ಕಲ್ಲ, ಮುಚ್ಚಿಟ್ಟಿದ್ದಕ್ಕೆ.